ಮರಳಿ ಮರಳಿ ಕೆಡುವ ಬಂಡಿ

ಸಂಸಾರಸ್ಥರು ಕೊಳ್ಳುವ ವಸ್ತುಗಳಲ್ಲಿ ಮನೆಯೊಂದನ್ನು ಬಿಟ್ಟರೆ ಮೋಟಾರು ಬಂಡಿಯಷ್ಟು ಹಣ ಹಿಡಿಯುವುದು ಮತ್ತೊಂದಿಲ್ಲ. ಅದರಲ್ಲಿಯೂ ಎಸ್‌ಯುವಿ ಎಂಬ ಎತ್ತರದ ಬಂಡಿಯನ್ನು ಹಿರಿಯರು, ಮಕ್ಕಳು, ಗಂಟುಮೂಟೆ ಎಲ್ಲವನ್ನೂ ಒಟ್ಟಿಗೆ ಕರೆದೊಯ್ಯುವ ಆಸೆಯಿಂದಲೇ ಕೊಳ್ಳುತ್ತಾರೆ. ಇಂತಹ ಬಂಡಿಯು ಹೊಸದಿರುವಾಗಲೇ ಒಂದೇ ದೋಷಕ್ಕಾಗಿ ಮೂರು ನಾಲ್ಕು ಬಾರಿ ಸರ್ವಿಸ್ ಸೆಂಟರಿಗೆ ಹೋಗಿ ನಿಲ್ಲುವಂತಾದರೆ ಮನೆಮಂದಿಯ ಸಂಕಟವನ್ನು ವರ್ಣಿಸಬೇಕಾದುದಿಲ್ಲ. ಸಾಲದ ಕಂತು ತಿಂಗಳು ತಿಂಗಳೂ ತಪ್ಪದೆ ಸಲ್ಲಬೇಕು. ಬಂಡಿಯ ಮೇಲಿನ ನಂಬಿಕೆಯಾದರೋ ದಿನೇ ದಿನೇ ಕುಗ್ಗುವುದು.

ವಾಚಕ ಸೋದರ ಸೋದರಿಯರು ಮೊದಲು ತಿಳಿಯತಕ್ಕುದೇನೆಂದರೆ, ಮರಳಿ ಬರುವ ದೋಷಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವು ತಯಾರಿಕೆಯ ಫಲ; ಕೆಲವು ಬಳಕೆಯ ಫಲ. ಡೀಸೆಲ್ ಬಂಡಿಯ ಹೊಗೆ ಸೋಸುವ ಜಾಲರಿಯನ್ನೇ ನೋಡೋಣ. 2020ನೆಯ ಇಸವಿ ಏಪ್ರಿಲ್ 1ರಿಂದ ಬಿಎಸ್-6 ನಿಯಮವು ಜಾರಿಗೆ ಬಂದ ಮೇಲೆ ಹೊಸ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಎಂಬ ಈ ಜಾಲರಿಯು ಸಾಮಾನ್ಯವಾಯಿತು. ಅದು ಹೊಗೆಯೊಳಗಣ ಮಸಿಯನ್ನು ಹಿಡಿದಿಟ್ಟುಕೊಂಡು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಅಷ್ಟು ಶಾಖವು ಹುಟ್ಟಿ ನಿಲ್ಲಬೇಕಾದರೆ ಬಂಡಿಯು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಕೆಲವು ಹೊತ್ತು ಓಡಬೇಕು. ಬೆಂಗಳೂರಿನ ಸಂದಣಿಯಲ್ಲಿ ಮಕ್ಕಳ ಶಾಲೆ, ಮಾರುಕಟ್ಟೆ, ಕಚೇರಿ ಎಂದು ನಿಂತು ನಿಂತು ಸಾಗುವ ಬಂಡಿಗೆ ಆ ಅವಕಾಶವೇ ಇಲ್ಲ. ಮಸಿಯು ತುಂಬುತ್ತದೆ, ಎಚ್ಚರಿಕೆಯ ದೀಪವು ಹೊತ್ತಿಕೊಳ್ಳುತ್ತದೆ. ಸುಡುವ ಕೆಲಸವು ಅರ್ಧಕ್ಕೇ ನಿಲ್ಲುತ್ತಿದ್ದರೆ ಕೆಲವು ಬಂಡಿಗಳಲ್ಲಿ ಡೀಸೆಲ್ ಇಂಜಿನ್ ಆಯಿಲಿನೊಳಕ್ಕೆ ಇಳಿದು ಅದನ್ನು ತೆಳ್ಳಗೆ ಮಾಡುವುದೂ ಉಂಟು. ಸರ್ವಿಸ್ ಸೆಂಟರಿನವರು ದೀಪವನ್ನು ಆರಿಸಿ ಕಳುಹುತ್ತಾರೆ. ಕೆಲವು ವಾರಗಳಲ್ಲಿ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಊರೊಳಗೆ ಮಾತ್ರ ತಿರುಗುವ ಸಂಸಾರಕ್ಕೆ ಡೀಸೆಲ್ ಬಂಡಿಯು ಅಷ್ಟಾಗಿ ಒಪ್ಪದೆಂಬ ಮಾತನ್ನು ಮಾರುವವರು ಮೊದಲೇ ಹೇಳಬೇಕು. ಅವರು ಹೇಳದಿದ್ದರೆ ಕೊಳ್ಳುವವರು ಕೇಳಬೇಕು.

ಆದರೆ ಹೊಸ ಬಂಡಿಯ ಗೇರುಪೆಟ್ಟಿಗೆಯಿಂದ ಎಣ್ಣೆ ಜಿನುಗಿದರೆ, ಸ್ಟೀರಿಂಗು ಬಿಗಿಹಿಡಿದರೆ, ಬದಲಾಯಿಸಿದ ಭಾಗವೇ ಮತ್ತೆ ಕೆಟ್ಟರೆ, ಅದನ್ನು ಬಳಕೆಯ ತಲೆಗೆ ಕಟ್ಟಲು ಬಿಡಬಾರದು. ಬ್ರೇಕು, ಸ್ಟೀರಿಂಗುಗಳ ದೋಷವಾದರಂತೂ ಸರಿಯಾಗುವವರೆಗೆ ಮಕ್ಕಳನ್ನು ಕೂರಿಸಿಕೊಂಡು ಹೊರಡಲೇ ಕೂಡದು.

ಇಂತಹ ವ್ಯವಹಾರದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಕಾಗದಕ್ಕೆ ಉಂಟು. ಬಂಡಿಯನ್ನು ಒಪ್ಪಿಸಿದಾಗಲೆಲ್ಲ ಜಾಬ್ ಕಾರ್ಡಿನಲ್ಲಿ ತಾರೀಖು, ಓಡಿದ ಕಿಲೋಮೀಟರು, ದೋಷವು ಯಾವ ಹೊತ್ತಿನಲ್ಲಿ ಹೇಗೆ ತೋರುವುದೆಂಬ ವಿವರ ಇವನ್ನು ತಮ್ಮ ಮಾತಿನಲ್ಲಿಯೇ ಬರೆಯಿಸಿ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. “ಪರೀಕ್ಷಿಸಲಾಯಿತು, ಸರಿಯಿದೆ” ಎಂಬ ಒಕ್ಕಣೆಯ ಕೆಳಗೆ ಸುಮ್ಮನೆ ಸಹಿ ಹಾಕದೆ, ದೋಷವು ಹೋಗಿಲ್ಲದಿದ್ದರೆ ಹಾಗೆಂದು ಬರೆದೇ ಸಹಿ ಮಾಡಬೇಕು. ಮನೆಯ ಲೆಕ್ಕದ ಪುಸ್ತಕವನ್ನು ಇಡುವ ಗೃಹಿಣಿಗೆ ಇದು ಕಷ್ಟದ ಕೆಲಸವಲ್ಲ. ಎಚ್ಚರಿಕೆಯ ದೀಪವನ್ನೂ ವಿಚಿತ್ರ ಶಬ್ದವನ್ನೂ ಮೊಬೈಲಿನಲ್ಲಿ ಹಿಡಿದಿಟ್ಟರೆ ಇನ್ನೂ ಲೇಸು.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನವು 1982ರಲ್ಲಿಯೇ ಇದಕ್ಕೆಂದು ಒಂದು ಕಾನೂನನ್ನು ಮಾಡಿತು. ಹೊಸ ಬಂಡಿಯ ಒಂದೇ ದೊಡ್ಡ ದೋಷವನ್ನು ನಾಲ್ಕು ಬಾರಿ ದುರಸ್ತಿ ಮಾಡಿದರೂ ಹೋಗದಿದ್ದರೆ, ಅಥವಾ ಬಂಡಿಯು ಒಟ್ಟು 30 ದಿನ ದುರಸ್ತಿಯಲ್ಲಿಯೇ ನಿಂತರೆ, ಕೊಂಡವನು ಬೇರೆ ಬಂಡಿಯನ್ನು ಅಥವಾ ಹಣವನ್ನು ಕೇಳಬಹುದು. ನಮ್ಮ ದೇಶದಲ್ಲಿ ಹೀಗೆ ಎಣಿಕೆಯನ್ನು ಗೊತ್ತುಮಾಡಿದ ಕಾನೂನಿಲ್ಲ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ, ವಾರಂಟಿಯ ಕರಾರು ಕೆಟ್ಟ ಭಾಗವನ್ನು ಬದಲಾಯಿಸುವಷ್ಟಕ್ಕೇ ಇದ್ದುದರಿಂದ ಇಡೀ ಕಾರನ್ನು ಬದಲಾಯಿಸಿಕೊಡಬೇಕೆಂಬ ಆಜ್ಞೆಯು ನಿಲ್ಲದೆಂದು ತೀರ್ಪಿತ್ತಿತು. ಆದಕಾರಣ ವಾರಂಟಿಯ ಪತ್ರವನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಆದರೂ ನಾವು ನಿರುಪಾಯರಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಬಂಡಿಗೆ ಕೊಟ್ಟ ಬೆಲೆಯು 50 ಲಕ್ಷ ರೂಪಾಯಿ ಮೀರದಿದ್ದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕಣ್ಣಿಗೆ ಕಾಣದ ದೋಷವನ್ನು ಆಯೋಗವು ಪರೀಕ್ಷೆಗೆ ಒಪ್ಪಿಸಬಹುದು. ದೋಷ ಸ್ಥಿರಪಟ್ಟರೆ ದುರಸ್ತಿ, ಬದಲಿ ವಸ್ತು, ಬೆಲೆಯ ವಾಪಸು, ಪರಿಹಾರ ಇವುಗಳಲ್ಲಿ ತಕ್ಕುದನ್ನು ಕೊಡಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿಗೆ ಕರೆಮಾಡಿ ರಾಜಿಗೆ ಯತ್ನಿಸಬಹುದು. ಒಂದೇ ಅಪಾಯಕಾರಿ ದೋಷವನ್ನು ಅನೇಕ ಮಾಲೀಕರು ತಿಳಿಸಿದರೆ, ಆ ಮಾದರಿಯ ಬಂಡಿಗಳನ್ನು ಹಿಂದಕ್ಕೆ ಕರೆಯಿಸಲು ಕೇಂದ್ರ ಸರ್ಕಾರಕ್ಕೆ 2021ರ ಏಪ್ರಿಲ್‌ನಿಂದ ಅಧಿಕಾರವಿದೆ. ಒಬ್ಬರ ಲಿಖಿತ ದೂರು ಹೀಗೆ ಹತ್ತು ಮನೆಗಳ ರಕ್ಷಣೆಗೂ ಆದೀತು.

“ಮುಂದಿನ ಸರ್ವಿಸಿನಲ್ಲಿ ನೋಡೋಣ” ಎಂಬ ಸವಿಮಾತಿಗೆ ಒಲಿದು ಕೂತರೆ ವಾರಂಟಿಯ ಗಡುವು ಕಳೆದುಹೋಗುತ್ತದೆ. ಆಮೇಲೆ ಅದೇ ದೋಷಕ್ಕೆ ನಮ್ಮ ಕೈಯಿಂದಲೇ ಹಣ. ಎರಡನೆಯ ಬಾರಿ ದೋಷ ಕಂಡ ದಿನವೇ ಕಾಗದವನ್ನು ಕೈಗೆತ್ತಿಕೊಳ್ಳುವುದು ಜಾಣತನ.