ಕೈಗೆ ರಿಟೈರ್ಮೆಂಟ್ ಇಲ್ರೀ

ಧಾರವಾಡಕ್ಕೆ ಪೆನ್ಶನರ ಊರು ಅಂತ ಹೆಸರು ಬಿದ್ದು ಬಹಳ ಕಾಲ ಆತು. ಕಾಲೇಜು, ಕೋರ್ಟು, ಕಚೇರಿಗಳಲ್ಲಿ ದುಡಿದವರು ಇಲ್ಲೇ ಮನೆ ಕಟ್ಟಿಕೊಂಡು ನಿಂತುಬಿಡುತ್ತಾರೆ. ಹುಬ್ಬಳ್ಳಿ ಕಡೆ ಹೋದರೆ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣದ ಜೊತೆ ಜೀವ ತೇಯ್ದವರು ಓಣಿಗೊಬ್ಬರು ಸಿಗುತ್ತಾರೆ. ರಾಜ್ಯ ಸರಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಆ ದಿನ ಬಂದಾಗ ಒಂದು ಹಾರ, ಒಂದು ಶಾಲು, ನಾಲ್ಕು ಭಾಷಣ. ಮರುದಿನ ಮುಂಜಾನೆ ಹತ್ತು ಗಂಟೆಗೆ ಆ ಮನುಷ್ಯ ಏನು ಮಾಡಬೇಕು ಅನ್ನೋದನ್ನ ಮಾತ್ರ ಯಾವ ಸರಕಾರಿ ಆದೇಶದಲ್ಲೂ ಬರೆದಿಲ್ಲ.

ಮುಂಜಾನೆ ಹೇಗೋ ಕಳೀತದ. ಸಾಧನಕೇರಿಯಲ್ಲೋ ಉಣಕಲ್ ಕೆರೆ ದಂಡೆಯಲ್ಲೋ ನಾಲ್ಕು ಸುತ್ತು, ಒಂದು ಪೇಪರು, ಎರಡು ಕಪ್ ಚಹಾ. ಕಷ್ಟ ಇರೋದು ಊಟದ ನಂತರದ ನಾಲ್ಕು ತಾಸು. ಟೀವಿ ನೋಡಿದರೆ ತಲೆನೋವು, ಮಲಗಿದರೆ ರಾತ್ರಿ ನಿದ್ದೆ ಇಲ್ಲ, ಮೊಬೈಲ್ ಹಿಡಿದರೆ ಜಗಳ. ಈ ನಾಲ್ಕು ತಾಸಿನೊಳಗೇ ಮನುಷ್ಯ ಮುದುಕ ಆಗೋದು.

ಇದಕ್ಕೆ ತಮ್ಮಷ್ಟಕ್ಕೆ ತಾವೇ ದಾರಿ ಕಂಡುಕೊಂಡವರು ಇದ್ದಾರೆ. ಒಬ್ಬರು ಹಳೇ ಕುಕ್ಕರಿನಲ್ಲಿ ನಾನಕಟಾಯಿ ಸುಡುತ್ತಾರೆ. ಒಬ್ಬರು ಮುರುಕು ಕಿಟಕಿಯ ಕಟ್ಟಿಗೆಯಿಂದ ಮೊಮ್ಮಗಳಿಗೆ ಮಣೆ ಮಾಡುತ್ತಾರೆ. ಒಬ್ಬ ಅಜ್ಜಿ ಕೌದಿ ಹಾಸಿಕೊಂಡು ಕೂತಿರುತ್ತಾಳೆ. ನೋಡಿದವರು ಏನಂತಾರೆ? “ಏನ್ರೀ, ಬೇಕರಿ ಇಡಾವ್ರೇನು?” ಅಂತ ನಗುತ್ತಾರೆ. ಈ ನಗು ನಿಲ್ಲಬೇಕು ಅನ್ನೋದಕ್ಕೇ ಇವತ್ತಿನ ಈ ಬರಹ.

ನಾನಕಟಾಯಿ ಸುಡೋದು ದೊಡ್ಡ ವಿದ್ಯೆ ಅಲ್ಲ. ತುಪ್ಪ, ಪುಡಿ ಸಕ್ಕರೆ ಬೆಳ್ಳಗಾಗುವತನಕ ತಿಕ್ಕಬೇಕು. ಮೈದಾ, ಕಡ್ಲಿ ಹಿಟ್ಟು, ಚೂರು ರವಾ, ಯಾಲಕ್ಕಿ, ಚಿಟಿಕೆ ಸೋಡಾ. ನೀರು ಸೋಕಿಸಬಾರದು. ಕುಕ್ಕರಿನ ರಬ್ಬರ್ ರಿಂಗು, ಸೀಟಿ ಎರಡನ್ನೂ ತೆಗೆದಿಟ್ಟು, ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡು ಇಟ್ಟು ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ. ಬಿಸಿ ಇದ್ದಾಗ ಮುಟ್ಟಿದರೆ ಪುಡಿ. ಆರಿದ ಮೇಲೇ ಗರಿ. ಅಂದರೆ ಕಾಯಬೇಕು. ಕಾಯೋದಕ್ಕೆ ಪುರುಸೊತ್ತು ಇರೋದು ಈ ವಯಸ್ಸಿನಲ್ಲೇ ಅಲ್ಲವೇ?

ಮೂವತ್ತೈದು ವರ್ಷ ಫೈಲು ನೋಡಿದವನಿಗೆ ತನ್ನ ಕೆಲಸದ ಕೊನೆ ಕಂಡಿರೋದಿಲ್ಲ. ಫೈಲು ಮೇಲೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ, ಕಡೆಗೊಂದು ದಿನ ಗೆದ್ದಲು ತಿನ್ನುತ್ತದೆ. ನಾನಕಟಾಯಿ ಹಾಗಲ್ಲ. ಅರ್ಧ ತಾಸಿನಲ್ಲಿ ಪಾಸೋ ಫೇಲೋ ತಟ್ಟೆಯಲ್ಲೇ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಒಂದು ರುಚಿ ನೋಡಿ ಉಳಿದದ್ದನ್ನು ಓಣಿಗೆ ಹಂಚಲಿ. ಮಾತು ಬಿಟ್ಟಿದ್ದ ಬಾಜೂ ಮನೆಯವರೂ ತಟ್ಟೆ ತಿರುಗಿ ಕೊಡೋದಕ್ಕಾದರೂ ಬರುತ್ತಾರೆ.

ಕೈಕೆಲಸದ ಮಾತು ಇನ್ನೂ ದೊಡ್ಡದು. ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಸಾಲು ಹೊಲಿಗೆ ಹಾಕುತ್ತಾ ಹೋದರೆ ಕೌದಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ಈಗ ಕಲಾ ಪ್ರದರ್ಶನದ ಗೋಡೆ ಏರಿದೆ. ನಮ್ಮ ಮನೆಗಳಲ್ಲಿ ಅದೇ ಕೌದಿ ಅಟ್ಟ ಸೇರಿದೆ. ಕಸೂತಿ ಇನ್ನೂ ನಾಜೂಕು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಮೂಡಿಸಬೇಕು. ಗವಂತಿ ಹೊಲಿಗೆ ಹಾಕಿದರೆ ಹಿಂದೂ ಮುಂದೂ ಒಂದೇ ಸಮ ಕಾಣಬೇಕು. ಇದು ಗೊತ್ತಿರುವ ಎಷ್ಟೋ ಅಜ್ಜಿಯರ ಕಣ್ಣಿಗೆ ಈಗ ಪೊರೆ ಬರಾಕ ಹತ್ತೇದ. ಕಸೂತಿಗೆ ಭೌಗೋಳಿಕ ಸೂಚಿಕೆಯ ಪಟ್ಟ ಸಿಕ್ಕಿದ್ದಕ್ಕೆ ಎಲ್ಲರೂ ಹೆಮ್ಮೆ ಪಟ್ಟರು. ಆದರೆ ಪಟ್ಟ ಸೂಜಿ ಹಿಡೀತದೇನು? ಕಣ್ಣು ಹೋಗೋ ಮೊದಲು ಕಲಿಯುವವರು ಬೇಕು.

“ಇದೆಲ್ಲ ಪೆನ್ಶನ್ ಇದ್ದವರ ಶೋಕಿ” ಅನ್ನುವವರಿದ್ದಾರೆ. ಮಾತಿನಲ್ಲಿ ಸತ್ಯ ಇದೆ. 65 ದಾಟಿದ ಬಡವರಿಗೆಂದು 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಆ ದುಡ್ಡಿನಲ್ಲಿ ತುಪ್ಪದ ಮಾತು ಆಡಿದರೆ ನಗೆಪಾಟಲು. ಇನ್ನೊಂದು ಸತ್ಯವೂ ಇದೆ. ಗಂಡ ರಿಟೈರ್ ಆದ ಮೇಲೆ ಬಿಸ್ಕೀಟು ಸುಟ್ಟರೆ ಊರಿಗೇ ಸುದ್ದಿ. ಹೆಂಡತಿ ನಲವತ್ತು ವರ್ಷ ರೊಟ್ಟಿ ಸುಟ್ಟದ್ದು ಸುದ್ದಿಯೇ ಅಲ್ಲ. ಅವಳಿಗೆ 60ಕ್ಕೂ ಹಾರ ಇಲ್ಲ, 70ಕ್ಕೂ ಇಲ್ಲ. ಆದ್ದರಿಂದ ರಾಯರೇ, ನೀವು ಕುಕ್ಕರ್ ಹಿಡಿದ ದಿನ ಪಾತ್ರೆಯನ್ನೂ ನೀವೇ ತೊಳೆಯಿರಿ. ಒಲೆ ಬಿಟ್ಟು ಸೂಜಿ ಹಿಡಿಯೋ ಪುರುಸೊತ್ತು ಅವ್ವಾರಿಗೂ ಸಿಗಲಿ.

ಮನೆಯವರಿಗೆ ಒಂದು ಮಾತು. ಅಪ್ಪ ಏನಾದರೂ ಮಾಡಿದ ಕೂಡಲೇ “ಇದನ್ನ ಮಾರಿದರ ಎಷ್ಟು ಬರ್ತದ?” ಅಂತ ಲೆಕ್ಕ ಹಾಕಬೇಡಿ. ಮಾರುವ ಮನಸ್ಸು ಅವರಿಗೇ ಇದ್ದರೆ ಬೇರೆ ಮಾತು. ಆಗ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಲಿ. 2011ರ ನಿಯಮಗಳು ಸಣ್ಣ ತಯಾರಕರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ, ಅಷ್ಟೇ.

ಇನ್ನು ಪಾಲಿಕೆಗೆ. ಓಣಿ ಓಣಿಗೆ ಸಮುದಾಯ ಭವನ ಕಟ್ಟಿದ್ದೀರಿ. ಮದುವೆ, ಮುಂಜಿ, ಚುನಾವಣೆ ಸಭೆ ಬಿಟ್ಟರೆ ಅವಕ್ಕೆ ಕೀಲಿ. ವಾರದಲ್ಲಿ ಎರಡು ಮಧ್ಯಾಹ್ನ, ಎರಡೆರಡು ತಾಸು ಬಾಗಿಲು ತೆಗೆಸಿ. ನಾಲ್ಕು ಜಮಖಾನೆ, ಒಂದು ಗ್ಯಾಸ್ ಒಲೆ, ಒಳ್ಳೇ ಬೆಳಕು, ಸ್ವಚ್ಛ ಪಾಯಖಾನೆ ಇದ್ದರೆ ಸಾಕು. ಪೆನ್ಶನ್ ಇದ್ದವರು ಹಿಟ್ಟು, ದಾರ ತರುತ್ತಾರೆ. ಇಲ್ಲದವರು ತಮ್ಮ ಕಸುಬು ತರುತ್ತಾರೆ. ಸೂಜಿ ಹಿಡಿಯೋದು ಕಲಿಸಿದ ಬಡ ಅಜ್ಜಿಗೆ ಕೈಗೆ ನಾಲ್ಕು ಕಾಸು ಕೊಡುವ ಏರ್ಪಾಡೂ ಆಗಲಿ. ಶನಿವಾರ ಸಾಲಿ ಬಿಟ್ಟ ಮೇಲೆ ಓಣಿಯ ಮಕ್ಕಳೂ ಬಂದು ಕೂಡಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಿದರೆ ಸಾಕು. ಮೊದಲು ಒಂದೇ ವಾರ್ಡಿನಲ್ಲಿ ಶುರು ಮಾಡಿ ನೋಡ್ರಿ. ಮೊದಲನೇ ತಟ್ಟೆ ನಾನಕಟಾಯಿ ಪಾಲಿಕೆ ಕಚೇರಿಗೇ ಕಳಿಸಲು ಹೇಳುತ್ತೇವೆ.