ಸಹಿಯೊಂದರ ಹೊಣೆ

ಅಮೆರಿಕದ ಪೌರತ್ವ ಪಡೆದ ನಮ್ಮ ಮಕ್ಕಳು ಊರಿನಲ್ಲಿ ವಿವಾಹವಾಗಿ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ಪೋಷಣೆಯ ಹೊಣೆಪತ್ರಕ್ಕೆ ಸಹಿ ಹಾಕಬೇಕು. ವರಮಾನವು ಸಾಮಾನ್ಯವಾಗಿ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕೆಂಬುದು 1996ರ ಕಾನೂನಿನ ಕಟ್ಟಳೆ. ದುಡಿಮೆಯಿಲ್ಲದವರಿಗೂ ದಾರಿಯುಂಟು: ಕೊರತೆಯ ಮೂರು ಪಟ್ಟು ಉಳಿತಾಯ ಅಥವಾ ಆಸ್ತಿಯನ್ನು ತೋರಿಸಬಹುದು, ಇಲ್ಲವೇ ಅಲ್ಲಿಯೇ ನೆಲೆಸಿರುವ ಬಂಧುವೊಬ್ಬರು ಜೊತೆಗೆ ಹೊಣೆ ಹೊರಬಹುದು.

ದಾಕ್ಷಿಣ್ಯಕ್ಕೆ ಸಹಿ ಹಾಕುವ ಆ ಬಂಧುವಿನ ಬಗ್ಗೆ ನಮಗೆ ಕಳವಳವಿದೆ. ದಂಪತಿಗಳು ವಿಚ್ಛೇದನ ಪಡೆದರೂ ಅವರ ಹೊಣೆ ತೀರದು. ಬಂದವರು ಪೌರತ್ವ ಪಡೆಯುವ ತನಕ, ಸುಮಾರು ಹತ್ತು ವರ್ಷಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವ ತನಕ, ಇಲ್ಲವೇ ಅವರು ಶಾಶ್ವತವಾಗಿ ಆ ದೇಶ ಬಿಡುವ ತನಕ ಅದು ಉಳಿಯುತ್ತದೆ.

ಆದುದರಿಂದ ನಿಶ್ಚಿತಾರ್ಥಕ್ಕೆ ಮುನ್ನವೇ ಉಭಯ ಕುಟುಂಬಗಳು ಕುಳಿತು ಈ ಲೆಕ್ಕವನ್ನು ಬಿಚ್ಚಿ ಮಾತಾಡಬೇಕೆಂದು ನಾವು ಬಯಸುತ್ತೇವೆ. ಹೊರೆಯ ಭಾರವನ್ನು ತಿಳಿಸಿ ಸಹಿ ಕೇಳುವುದೇ ಧರ್ಮ.