ಕಡಲಮೀನಿನ ತೊಟ್ಟಿಗೆ ಎಂತಹ ಸಿಹಿನೀರು?

ಉಪ್ಪುನೀರಿನ ಮೀನುತೊಟ್ಟಿಯನ್ನು ಮನೆಯಲ್ಲಿರಿಸಿಕೊಂಡವರಿಗೆ ಉಪ್ಪಿನ ಚಿಂತೆಗಿಂತಲೂ ಸಿಹಿನೀರಿನ ಚಿಂತೆಯೇ ದೊಡ್ಡದೆಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಾಸ್ತವಾಂಶ ಇರುವುದು ಹಾಗೆಯೇ. ಕಡಲ ಲವಣಗಳ ಮಿಶ್ರಣವು ಪೊಟ್ಟಣದಲ್ಲಿ ದೊರೆಯುತ್ತದೆ. ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸಿದರೆ ಸಮುದ್ರದ ಲವಣಾಂಶವು ಸಿದ್ಧಿಸುತ್ತದೆ. ಮಂಗಳೂರಿನವರೋ ಕಾರವಾರದವರೋ ಆದರೆ ನೇರವಾಗಿ ಕಡಲಿನಿಂದಲೇ ನೀರು ತಂದುಕೊಂಡಾರು. ಅಲ್ಲಿಯೂ ಮಳೆಗಾಲದಲ್ಲಿ ನೇತ್ರಾವತಿ, ಕಾಳಿ ನದಿಗಳ ಕೆನ್ನೀರು ದಡದ ಕಡಲನ್ನು ತೆಳ್ಳಗಾಗಿಸುವುದುಂಟು. ಬೆಂಗಳೂರು ಮೈಸೂರುಗಳ ನಿವಾಸಿಗಳಿಗೆ ಮಾತ್ರ ನಲ್ಲಿಯ ನೀರೇ ಗತಿ. ಆ ನೀರನ್ನು ಶುದ್ಧಿ ಮಾಡಿಕೊಡುತ್ತಿದ್ದ ಯಂತ್ರವು ಒಂದು ದಿನ ಕೆಟ್ಟು ಕುಳಿತಾಗ ಅದರ ಸ್ಥಾನದಲ್ಲಿ ಯಾವುದನ್ನು ತರಬೇಕು ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಯವನು ಅಡಿಗೆಮನೆಯ ಶುದ್ಧೀಕಾರಕವೊಂದನ್ನು ಮುಂದಿಟ್ಟು, ಇದರಲ್ಲಿ ಏಳು ಹಂತಗಳಿವೆ, ಎಂಟು ಹಂತಗಳಿವೆ ಎಂದು ಎಣಿಸಿ ತೋರಿಸುತ್ತಾನೆ. ಅದನ್ನು ಕೊಳ್ಳಲಾಗದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳಬೇಕಾಗಿದೆ.

ಮೊದಲಿಗೆ ತೊಟ್ಟಿಯಲ್ಲಿ ನಡೆಯುವುದೇನೆಂಬುದನ್ನು ನೋಡೋಣ. 200 ಲೀಟರಿನ ತೊಟ್ಟಿಯೊಂದರಿಂದ ದಿನಕ್ಕೆ 3 ಲೀಟರು ನೀರು ಆವಿಯಾಗುತ್ತದೆಂದು ಇಟ್ಟುಕೊಳ್ಳೋಣ. ಹೋಗುವುದು ನೀರು ಮಾತ್ರ. ಲವಣಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ. ಹೋದಷ್ಟನ್ನು ನಾವು ಸಿಹಿನೀರಿನಿಂದ ತುಂಬುತ್ತೇವೆ. ವರ್ಷಕ್ಕೆ ಇದು ಸುಮಾರು 1,100 ಲೀಟರು. ಆ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ಲವಣಗಳು ಕರಗಿದ್ದರೆ ವರ್ಷದ ಕೊನೆಗೆ 440 ಗ್ರಾಂ ಅನ್ಯಲವಣಗಳನ್ನು ತೊಟ್ಟಿಗೆ ಸುರಿದಂತಾಯಿತು. ಏಳು ಕಿಲೋಗ್ರಾಂ ಉಪ್ಪಿರುವ ತೊಟ್ಟಿಗೆ ಇದೇನು ಮಹಾ ಎಂದು ಕೇಳುವವರುಂಟು. ನೈಟ್ರೇಟು ಒಂದನ್ನೇ ತೆಗೆದುಕೊಂಡು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟನ್ನು ಒಪ್ಪುತ್ತದೆ. ಆ ಮಿತಿಯಲ್ಲಿರುವ, ಅಂದರೆ ಮನುಷ್ಯರಿಗೆ ನಿರಪಾಯವಾದ ನೀರನ್ನೇ ತುಂಬುತ್ತ ಹೋದರೂ ವರ್ಷಕ್ಕೆ ಸುಮಾರು 49 ಗ್ರಾಂ ನೈಟ್ರೇಟು ಸೇರಿ, ತೊಟ್ಟಿಯ ಪ್ರತಿ ಲೀಟರಿಗೂ 245 ಮಿಲಿಗ್ರಾಮಿನಷ್ಟು ಪಾಲು ಬರುತ್ತದೆ. ಪಾಚಿಯು ತಿಂದದ್ದನ್ನೂ ನೀರು ಬದಲಿಸುವಾಗ ಹೊರಹೋದದ್ದನ್ನೂ ಕಳೆದರೂ ಉಳಿಯುವುದು ಅಲ್ಪವಲ್ಲ. ಹವಳದ ದಿಬ್ಬಗಳ ಸುತ್ತಣ ಕಡಲಿನಲ್ಲಿ ಇದರ ಪ್ರಮಾಣ ಒಂದು ಮಿಲಿಗ್ರಾಮಿಗೂ ಕಡಿಮೆ. ನಮಗೆ ಒಳ್ಳೆಯದಾದ ನೀರು ವಿದೂಷಕ ಮೀನಿಗೂ ಸಿಗಡಿಗೂ ಒಳ್ಳೆಯದೆಂಬ ಭಾವನೆ ಇಲ್ಲಿಗೆ ಮುರಿದುಬೀಳುತ್ತದೆ. (ಗಟ್ಟಿ ಹವಳಗಳೂ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವುದರಿಂದ ಅವನ್ನು ಮನೆಗೆ ತರುವ ಮಾತನ್ನೇ ನಾವು ಆಡುತ್ತಿಲ್ಲ.)

ಅಡಿಗೆಮನೆಯ ಯಂತ್ರವು ನಾಲಗೆಗಾಗಿ ಹುಟ್ಟಿದ್ದು. ತೀರ ಶುದ್ಧವಾದ ನೀರು ಸಪ್ಪೆ. ಆದುದರಿಂದ ತಯಾರಕರು ಒಂದು ಕೈಯಿಂದ ತೆಗೆದದ್ದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಹಾಕುತ್ತಾರೆ. ಕೆಲವು ಯಂತ್ರಗಳಲ್ಲಿ ಶುದ್ಧಿಯಾದ ನೀರಿಗೆ ಖನಿಜಗಳನ್ನು ಸೇರಿಸುವ ಕೊಳವೆಯುಂಟು. ಕೆಲವುಗಳಲ್ಲಿ ತಿರುಪೊಂದನ್ನು ತಿರುಗಿಸಿದರೆ ಶುದ್ಧಿಯಾಗದ ನೀರಿನ ಒಂದಂಶವೇ ಬಂದು ಬೆರೆಯುತ್ತದೆ. ಅತಿನೇರಿಳೆ ದೀಪವು ಕುಡಿಯುವವರಿಗೆ ರಕ್ಷೆ; ನೈಟ್ರೇಟನ್ನು ಉಣ್ಣುವ, ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳಿಂದಲೇ ಬದುಕುವ ತೊಟ್ಟಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಬಂದಿರುವ ತಾಮ್ರದ ಕೊಳವೆಯ ವಿಷಯದಲ್ಲಿ ಹೀಗೆ ಉದಾಸೀನರಾಗಿರುವುದು ಸಾಧ್ಯವಿಲ್ಲ. ತಾಮ್ರದ ಚೆಂಬಿನ ನೀರು ಆರೋಗ್ಯಕರವೆಂಬ ಮನೆಮಾತನ್ನು ಹಿಡಿದು ಶುದ್ಧೀಕಾರಕದೊಳಗೇ ತಾಮ್ರವನ್ನು ಅಳವಡಿಸಿದ್ದಾರೆ. ಸಿಗಡಿ, ಏಡಿ, ಶಂಖದ ಹುಳು, ಕಡಲಹೂವು ಮೊದಲಾದ ಅಕಶೇರುಕಗಳಿಗೆ ತಾಮ್ರವು ಬಹಳ ಸ್ವಲ್ಪವಾದರೂ ವಿಷ. ತೆರೆದ ಕಡಲಿನ ಒಂದು ಲೀಟರಿನಲ್ಲಿ ಅದು ಒಂದು ಮೈಕ್ರೋಗ್ರಾಮಿಗೂ ಕಡಿಮೆಯಿರುತ್ತದೆ. ಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲಲು ತಾಮ್ರದ ಲವಣವನ್ನೇ ಔಷಧವಾಗಿ ಬಳಸುತ್ತಾರೆಂದರೆ ಅದರ ಶಕ್ತಿಯನ್ನು ಊಹಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ಪುಷ್ಟಿಯೆಂದು ಮಾರಿದ ವಸ್ತುವು ತೊಟ್ಟಿಯ ಸಿಗಡಿಗೆ ಮೃತ್ಯುವಾಗುತ್ತದೆ.

ಹಾಗಾದರೆ ಬೇಕಾದದ್ದೇನು? ಕೆಸರನ್ನು ತಡೆಯುವ ಒಂದು ಸೋಸುಬತ್ತಿ, ಕ್ಲೋರೀನನ್ನು ಹೀರುವ ಇದ್ದಿಲಿನ ಒಂದು ಬತ್ತಿ, ಹಿಮ್ಮುಖ ಅಭಿಸರಣದ ಒಂದು ಪೊರೆ, ಅದರಾಚೆಗೆ ಅಯಾನುಗಳನ್ನು ಹಿಡಿಯುವ ರಾಳದ ಒಂದು ಕೊಳವೆ. ಇಷ್ಟೆ. ಇದಕ್ಕಿಂತ ಹೆಚ್ಚಿನದೆಲ್ಲ ಅಲಂಕಾರ.

ಇವುಗಳಲ್ಲಿ ಮುಖ್ಯವಾದದ್ದು ಪೊರೆ. ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಎಂಬಿಬ್ಬರು 1960ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟಿನ ಉಪಯುಕ್ತ ಪೊರೆಯನ್ನು ಮೊದಲು ತಯಾರಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಊರಿಗೆ ಆ ಬಗೆಯ ಪೊರೆಯಿಂದ ಕುಡಿಯುವ ನೀರು ದೊರೆಯಿತು. ಇಂದು ಮನೆಗಳಲ್ಲಿರುವುದು ಅದರ ಮುಂದಿನ ಪೀಳಿಗೆಯ ಪಾಲಿಅಮೈಡಿನ ಪೊರೆ. ಲವಣಗಳನ್ನು ತಡೆಯುವುದರಲ್ಲಿ ಅದು ಹೆಚ್ಚು ಸಮರ್ಥ. ಆದರೆ ಕ್ಲೋರೀನನ್ನು ಸಹಿಸದು. ಇದ್ದಿಲಿನ ಬತ್ತಿಯನ್ನು ಕಾಲಕಾಲಕ್ಕೆ ಬದಲಿಸದೆ ಪೊರೆಯನ್ನು ದೂಷಿಸುವುದು ಈ ಕಾರಣದಿಂದ ಅನ್ಯಾಯ.

ಯಂತ್ರವನ್ನು ಕಸಕ್ಕೆ ಹಾಕುವ ಮುನ್ನ ಅದರಲ್ಲಿ ಸತ್ತಿರುವುದು ಯಾವ ಅಂಗವೆಂದು ನೋಡಬೇಕು. ಒಳಹೋಗುವ ನೀರು 400, ಪೊರೆಯಿಂದ ಹೊರಬರುವ ನೀರು 12 ಎಂದು ಮಾಪಕವು ತೋರಿಸಿದರೆ ಪೊರೆಯು ನೂರಕ್ಕೆ 97ರಷ್ಟು ಲವಣವನ್ನು ತಡೆಯುತ್ತಿದೆ. ಅದು ಆರೋಗ್ಯವಾಗಿಯೇ ಇದೆ. 60 ಎಂದು ತೋರಿಸಿದರೆ ಶಂಕಿಸಬೇಕು. ಆಗಲೂ ಮೊದಲು ಒತ್ತಡವನ್ನು ಅಳೆಯತಕ್ಕದ್ದು. ಪೊರೆಯ ಮೂಲಕ ನೀರು ಹರಿಯುವ ವೇಗವು, ಅಭಿಸರಣದ ಒತ್ತಡವನ್ನು ಕಳೆದು ಉಳಿದ ಒತ್ತಡಕ್ಕೆ ಅನುಗುಣವಾದದ್ದು. ಲವಣವಾದರೋ ಸಾಂದ್ರತೆಯ ವ್ಯತ್ಯಾಸದಿಂದ ತನ್ನಷ್ಟಕ್ಕೆ ವಿಸರಣಗೊಂಡು ದಾಟುತ್ತಿರುತ್ತದೆ. ಒತ್ತಡ ತಗ್ಗಿದರೆ ನೀರು ಕಡಿಮೆಯಾಗುತ್ತದೆ, ಲವಣ ಕಡಿಮೆಯಾಗುವುದಿಲ್ಲ. ಪರಿಣಾಮವಾಗಿ ನೀರು ನಿಧಾನವಾಗಿ ಬರುವುದಷ್ಟೇ ಅಲ್ಲದೆ ಕೊಳೆಯಾಗಿಯೂ ಬರುತ್ತದೆ. ನಮ್ಮ ಮನೆಗಳ ಮಾಳಿಗೆಯ ಟಾಂಕಿಯಿಂದ ಆರು ಮೀಟರಿನಷ್ಟು ಕೆಳಗಿರುವ ನಲ್ಲಿಯಲ್ಲಿ ಒತ್ತಡವು ಸುಮಾರು 0.6 ವಾತಾವರಣ, 400 ಮಿಲಿಗ್ರಾಮಿನ ನೀರಿನ ಅಭಿಸರಣ ಒತ್ತಡವೇ ಅದರಲ್ಲಿ ಅರ್ಧವನ್ನು ನುಂಗಿಬಿಡುತ್ತದೆ. ಪೊರೆಯು ಬಯಸುವುದು ಮೂರೂವರೆ, ನಾಲ್ಕು ವಾತಾವರಣ. ಆದ ಕಾರಣ ಪಂಪೊಂದು ಅನಿವಾರ್ಯ, ಮತ್ತು ಅನೇಕ ವೇಳೆ ಕೆಟ್ಟಿರುವುದು ಆ ಪಂಪೇ. ಗೃಹಬಳಕೆಯ ಪೊರೆಗಳು ಬಹುಮಟ್ಟಿಗೆ ಒಂದೇ ಅಳತೆಯಲ್ಲಿ ಬರುವುದರಿಂದ, ಪೊರೆಯೇ ಸತ್ತಿದ್ದರೂ ಅದೊಂದನ್ನು ಬದಲಿಸಿದರೆ ಸಾಕಾಗುತ್ತದೆ. ಇಡೀ ಯಂತ್ರವನ್ನು ಮಾರುವುದರಲ್ಲಿ ಅಂಗಡಿಯವನಿಗೆ ಲಾಭವಿದೆ, ಅದು ಬೇರೆ ಮಾತು.

ರಾಳದ ಕೊಳವೆಯ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ನೀರಿನ ಲವಣವನ್ನು ತೋರಿಸುವ ಕಿರುಮಾಪಕವು ನಿಜವಾಗಿ ಅಳೆಯುವುದು ವಿದ್ಯುದ್ವಾಹಕತೆಯನ್ನು. ಅದನ್ನೊಂದು ಸಂಖ್ಯೆಯಿಂದ ಗುಣಿಸಿ ಮಿಲಿಗ್ರಾಮಿನ ವೇಷ ತೊಡಿಸುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಬಟ್ಟಿಯಿಳಿಸಿದ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಅಳೆಯಲು ಹೇಳುವುದುಂಟು. ಮಾಪಕವು ಅಲುಗುವುದಿಲ್ಲ. ಸಕ್ಕರೆಯು ಅಯಾನುಗಳಾಗಿ ಒಡೆಯುವುದಿಲ್ಲವಷ್ಟೆ. ಸಿಲಿಕವೂ ಸುಮಾರಾಗಿ ಇಂತಹುದೇ ಕಳ್ಳ. ನಮ್ಮ ಬಯಲುಸೀಮೆಯ ಗ್ರಾನೈಟು, ನೈಸ್ ಬಂಡೆಗಳ ನಡುವಿನಿಂದ ಮೇಲೆತ್ತಿದ ನೀರಿನಲ್ಲಿ ಸಿಲಿಕವು ಕರಗಿರುತ್ತದೆ. ಸಾಧಾರಣ ನೀರಿನಲ್ಲಿ ಅದು ಅಯಾನಾಗುವುದು ಬಹಳ ಕಡಿಮೆ. ರಾಳವು ಅದನ್ನು ಸಡಿಲವಾಗಿ ಹಿಡಿದಿರುತ್ತದೆ, ಮತ್ತು ರಾಳದ ಶಕ್ತಿ ಕುಗ್ಗುತ್ತ ಬಂದಾಗ ಎಲ್ಲಕ್ಕಿಂತ ಮೊದಲು ಬಿಟ್ಟುಕೊಡುವುದು ಅದನ್ನೇ. ಮಾಪಕವು ಸೊನ್ನೆಯೆಂದು ತೋರಿಸುತ್ತಿರುವಾಗಲೇ ತೊಟ್ಟಿಯ ಗಾಜಿನ ಮೇಲೆ ಡಯಾಟಮುಗಳ ಕಂದುಬಣ್ಣದ ಲೇಪ ಕಾಣಿಸಿಕೊಳ್ಳುವುದು ಇದರಿಂದ. ಕೊಳವೆಬಾವಿಯ ನೀರಿನಲ್ಲಿ ಬಹಳವಾಗಿ ಕರಗಿರುವ ಇಂಗಾಲದ ಡೈಆಕ್ಸೈಡು ಪೊರೆಯನ್ನು ನಿರಾತಂಕವಾಗಿ ದಾಟಿ ಬಂದು ರಾಳವನ್ನು ವ್ಯರ್ಥವಾಗಿ ಸವೆಸುತ್ತದೆ. ಪೊರೆಯಿಂದ ಬಂದ ನೀರನ್ನು ಒಂದು ರಾತ್ರಿ ಗಾಳಿಯಾಡಿಸಿ ಆಮೇಲೆ ರಾಳಕ್ಕೆ ಬಿಟ್ಟರೆ ಈ ನಷ್ಟ ತಪ್ಪುತ್ತದೆ. ಒಂದಕ್ಕೆ ಬದಲು ಎರಡು ರಾಳದ ಕೊಳವೆಗಳನ್ನು ಸಾಲಾಗಿರಿಸಿ, ಮೊದಲನೆಯದು ಸೋತೊಡನೆ ಎರಡನೆಯದನ್ನು ಅದರ ಸ್ಥಾನಕ್ಕೆ ತರುವುದು ಲೇಸು.

ಇನ್ನು ಗಾತ್ರ. ಆವಿಯಾದದ್ದಕ್ಕೆ ವಾರಕ್ಕೆ 21 ಲೀಟರು, ನೀರು ಬದಲಿಸಲು 20 ಲೀಟರು, ಒಟ್ಟು 41 ಲೀಟರು. ಬಳಕೆಯಲ್ಲಿರುವ ಸಣ್ಣ ಪೊರೆಯೇ 25 ಡಿಗ್ರಿ ಉಷ್ಣತೆಯಲ್ಲಿ, ಸರಿಯಾದ ಒತ್ತಡದಲ್ಲಿ ದಿನಕ್ಕೆ ಸುಮಾರು 280 ಲೀಟರು ಕೊಡುತ್ತದೆ. ನಮಗೆ ಬೇಕಾದದ್ದು ವಾರಕ್ಕೊಮ್ಮೆ ಮೂರೂವರೆ ಗಂಟೆಯ ಕೆಲಸ. ದಿನವೂ ಸ್ವಲ್ಪ ಸ್ವಲ್ಪವಾಗಿ ನಡೆಸುವುದಕ್ಕಿಂತ ಹೀಗೆ ಒಮ್ಮೆಗೇ ನಡೆಸುವುದು ಮೇಲು. ಏತಕ್ಕೆಂದರೆ ಯಂತ್ರವು ನಿಂತಿರುವಾಗ ಲವಣವು ಪೊರೆಯನ್ನು ದಾಟುತ್ತಲೇ ಇರುತ್ತದೆ, ಪ್ರತಿ ಸಲ ಆರಂಭದಲ್ಲಿ ಬರುವ ನೀರು ಅಶುದ್ಧವಾಗಿರುತ್ತದೆ. ದೊಡ್ಡ ಯಂತ್ರವನ್ನು ಕೊಂಡು ಹೆಮ್ಮೆಪಡುವುದಕ್ಕೆ ಇಲ್ಲಿ ಆಸ್ಪದವಿಲ್ಲ.

ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡುವ ವಿಷಯಕ್ಕೆ ಈಗ ಬರುತ್ತೇವೆ. ಪೊರೆಯು ಎಲ್ಲ ನೀರನ್ನೂ ದಾಟಿಸುವುದಿಲ್ಲ. ಒಂದು ಲೀಟರು ಶುದ್ಧಜಲಕ್ಕೆ ಮೂರೋ ನಾಲ್ಕೋ ಲೀಟರನ್ನು ಚರಂಡಿಗೆ ಬಿಡುವ ಯಂತ್ರಗಳು ಸಾಮಾನ್ಯ. ಆ ಲೆಕ್ಕದಲ್ಲಿ ಒಂದು ತೊಟ್ಟಿಗಾಗಿ ವರ್ಷಕ್ಕೆ 6,000ದಿಂದ 8,000 ಲೀಟರು ಪೋಲು. ಬೆಂಗಳೂರಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ಸಾಗಿ, ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೂ ಕೈತೋಟಕ್ಕೆ ಹಾಯಿಸಿದವರಿಗೂ ಜಲಮಂಡಲಿಯು 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ಮರೆಯುವಂತಿಲ್ಲ. ಕುಡಿಯುವ ನೀರಿನ ಯಂತ್ರಗಳು ಒಳಹೋದ ನೀರಿನಲ್ಲಿ ನೂರಕ್ಕೆ 60ರಷ್ಟನ್ನಾದರೂ ಉಳಿಸಿಕೊಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಹೇಳಿತು. ಹವ್ಯಾಸಕ್ಕಾಗಿ ನೀರು ಬಳಸುವವನು ಬಾಯಾರಿಕೆಗಾಗಿ ಬಳಸುವವನಿಗಿಂತ ಸಡಿಲವಾದ ನಿಯಮವನ್ನು ತನಗೆ ವಿಧಿಸಿಕೊಳ್ಳುವುದು ಉಚಿತವೆ? ಆದರೆ ಉಳಿತಾಯದ ಆಸೆಯಿಂದ ತಿರುಪನ್ನು ಬಿಗಿಗೊಳಿಸುತ್ತ ಹೋಗುವುದಕ್ಕೂ ಮಿತಿಯಿದೆ. ನೂರಕ್ಕೆ 60 ಭಾಗ ನೀರು ದಾಟಿತೆಂದರೆ ಉಳಿದ ನೀರಿನಲ್ಲಿ ಲವಣವು ಎರಡೂವರೆ ಪಟ್ಟಾಗುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣವು ಪೊರೆಯ ಮೇಲೆ ಗಟ್ಟಿಕಟ್ಟುತ್ತದೆ. ಅಂತಹ ನೀರಿರುವವರು ಸಮಪಾಲಿಗೆ ತೃಪ್ತರಾಗಿ, ಚರಂಡಿಗೆ ಹೋಗುವ ಪಾಲನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಸಾರಿಸಲು, ಶೌಚಗೃಹಕ್ಕೆ ಉಪಯೋಗಿಸುವುದು ವಿವೇಕ. ಈ ಒಂದು ನಳಿಗೆಯನ್ನು ಎಲ್ಲಿಗೆ ಕೊಂಡೊಯ್ಯುತ್ತೇವೆಂಬುದನ್ನು ನಿಶ್ಚಯಿಸದೆ ಯಂತ್ರವನ್ನು ಗೋಡೆಗೆ ಹೊಡೆಯಲೇಬಾರದೆಂಬುದು ನಮ್ಮ ಪಟ್ಟು.

ಮಾಳಿಗೆಯ ಮೇಲೆ ಸ್ವಾತಂತ್ರ್ಯವಿರುವವರಿಗೆ ಇನ್ನೂ ಒಂದು ದಾರಿಯಿದೆ. ಅದನ್ನು ಯಾವ ಅಂಗಡಿಯವನೂ ಹೇಳಲಾರ. ಮಳೆಯು ಸೂರ್ಯನೇ ಬಟ್ಟಿಯಿಳಿಸಿದ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುತ್ತದೆ. ಹತ್ತು ಚದರ ಮೀಟರಿನ ಮಾಳಿಗೆಯ ಮೇಲೆ ಅದು 9,700 ಲೀಟರು. ಅದರಲ್ಲಿ ಕಾಲುಭಾಗವನ್ನು ಹಿಡಿದರೂ ಮೇಲೆ ಹೇಳಿದ ತೊಟ್ಟಿಯ ವರ್ಷದ ಅಗತ್ಯ ತೀರುತ್ತದೆ. ಮೊದಲ ಮಳೆಗಳ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಹೊರಕ್ಕೆ ಬಿಟ್ಟು, ಸತು ಬಳಿದ ತಗಡಿನ ಮಾಡನ್ನು ವರ್ಜಿಸಿ ಹಿಡಿದ ಮಳೆನೀರಿನಲ್ಲಿ ಲವಣವು ಬಹಳ ಕಡಿಮೆ, ಹೆಚ್ಚುಕಡಿಮೆ ಪೊರೆಯಿಂದ ಹೊರಬಂದ ನೀರಿನಷ್ಟೇ. ಆ ನೀರಿಗೆ ಪೊರೆ ಏತಕ್ಕೆ? ಪಂಪು ಏತಕ್ಕೆ? ಸೋಸುಬತ್ತಿ, ಇದ್ದಿಲು, ರಾಳ ಇಷ್ಟಿದ್ದರೆ ಆಯಿತು. ಎರಡು ಮೂರು ಮೀಟರು ಮೇಲಿರಿಸಿದ ಪಾತ್ರೆಯಿಂದ ನೀರು ತಾನಾಗಿ ನಿಧಾನವಾಗಿ ಇಳಿದು ಬರುತ್ತದೆ, ಒಂದು ತೊಟ್ಟೂ ಚರಂಡಿಗೆ ಹೋಗುವುದಿಲ್ಲ. ಈ ನಗರದಲ್ಲಿ 2009ರಲ್ಲಿ ಕಾಯಿದೆಯನ್ನು ತಿದ್ದಿ ದೊಡ್ಡ ನಿವೇಶನದ ಮನೆಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಿರುವುದರಿಂದ ಕೊಳವೆಗಳು ಎಷ್ಟೋ ಮನೆಗಳಲ್ಲಿ ಆಗಲೇ ಇವೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಳೆಯನ್ನು ನಂಬುವಂತಿಲ್ಲ. ಆ ಐದು ತಿಂಗಳಿಗೆ ಬೇಕಾಗುವುದು ಸುಮಾರು 900 ಲೀಟರು. ಬೆಳಕು ಹೋಗದ, ಸೊಳ್ಳೆ ನುಗ್ಗದಂತೆ ಬಲೆ ಕಟ್ಟಿದ ಸಾವಿರ ಲೀಟರಿನ ಟಾಂಕಿಯೊಂದನ್ನು ನವೆಂಬರಿನ ಒಳಗೆ ತುಂಬಿಸಿಟ್ಟುಕೊಂಡರೆ ಮೇ ತಿಂಗಳ ಮೊದಲ ಗುಡುಗಿನವರೆಗೆ ಅದು ಬರುತ್ತದೆ.